ಹೊಸ್ತಿಲಿರುವ ಕಡಲು

ನನ್ನ ಗಂಡ ಪುರಂದರ ಯಾರನ್ನೂ ಏನನ್ನೂ ಕೇಳುವ ಜನವಲ್ಲ. ದಾರಿ ತಪ್ಪಿದರೂ ಕೇಳುವುದಿಲ್ಲ. ಮದುವೆಯಾಗಿ ನಾನು ದುಬೈಗೆ ಬಂದ ಹೊಸತರಲ್ಲಿ ಶಾರ್ಜಾದ ಯಾರದೋ ಮನೆಯ ಹುಟ್ಟುಹಬ್ಬಕ್ಕೆಂದು ಹೊರಟು, ಒಂದೇ ರೌಂಡ್‌ಅಬೌಟನ್ನು ಸುತ್ತಿ ಸುತ್ತಿ ನನಗೆ ತಲೆ ತಿರುಗಿಸಿ, ಕೇಕು ಕತ್ತರಿಸಿ ಪಾತ್ರೆ ತೊಳೆಯುವ ಹೊತ್ತಿಗೆ ತಲುಪಿಸಿದ ಮಹಾನುಭಾವರು ಇವರು. ರಸ್ತೆಯ ಬದಿಯಲ್ಲಿ ಜನ ಇರಲಿಲ್ಲವೇ? ಬೇಕಾದಷ್ಟಿದ್ದರು. ಕಾರಿನ ಗಾಜು ಇಳಿಸಿ ಒಂದು ಮಾತು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? "ಕೇಳಿದ್ರೆ ಇವನಿಗೆ ಗೊತ್ತಿಲ್ಲ ಅಂತ ಆಗ್ತದೆ" ಎನ್ನುವುದು ಇವರ ಉತ್ತರ. ಆ ಉತ್ತರ ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಇವರು ಕೋಡಿಬೆಂಗ್ರೆಯವರು. ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ, ನಡುವೆ ಸೀರೆಯ ಸೆರಗಿನಷ್ಟು ಅಗಲದ ನೆಲ. ಅಲ್ಲಿ ಹುಟ್ಟಿದವರಿಗೆ ನೀರಿನ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ ಎಂಬುದು ಇವರ ಗಟ್ಟಿ ನಂಬಿಕೆ. ಹುಡುಗನಾಗಿದ್ದಾಗ ಮಲ್ಪೆಯಲ್ಲಿ ದೋಣಿಗಳಿಗೆ ಫೈಬರ್ ಹೊದಿಸುವ ಕೆಲಸ ಮಾಡಿದರು. ಚೌತಿ ಬಂತೆಂದರೆ ಮಣ್ಣಿನ ಗಣಪತಿ ಮಾಡುತ್ತಿದ್ದರು. ಆ ಕೈಯನ್ನು ಕಂಡು ಊರಿನವರೊಬ್ಬರು ದುಬೈಯ ಅಲ್ ಕೂಜ್‌ನಲ್ಲಿದ್ದ ಒಂದು ಮಾಡೆಲ್ ವರ್ಕ್‌ಶಾಪಿಗೆ ಸೇರಿಸಿದರು. ಕಟ್ಟಬೇಕಾದ ಟವರು, ವಿಲ್ಲಾ, ದ್ವೀಪ, ಎಲ್ಲವನ್ನೂ ಮೊದಲು ಮೇಜಿನ ಮೇಲೆ ಸಣ್ಣದಾಗಿ ಮಾಡಿ ತೋರಿಸುವ ಜಾಗ ಅದು. ಈ ಊರಿನ ಅರ್ಧ ಭಾಗವನ್ನು ನೀವೇ ಹೆತ್ತದ್ದು ಎಂದು ನಾನು ಇವರನ್ನು ತಮಾಷೆ ಮಾಡುವುದುಂಟು.

ಅಲ್ಲಿಯೂ ಇವರ ಚಾಳಿ ಬಿಡಲಿಲ್ಲ. ಒಮ್ಮೆ ಒಂದು ಟವರಿನ ಡ್ರಾಯಿಂಗಿನಲ್ಲಿ ಬಾಲ್ಕನಿಯೇ ಇಲ್ಲದ ಕಡೆ ಬಾಗಿಲು ಬರೆದಿತ್ತಂತೆ. ಬಾಗಿಲು ತೆರೆದು ಕಾಲಿಟ್ಟರೆ ನೇರ ಕೆಳಗೆ. ಇವರು ಯಾರನ್ನೂ ಕೇಳದೆ ಆ ಬಾಗಿಲನ್ನು ಗೋಡೆ ಮಾಡಿಬಿಟ್ಟರು. ಮ್ಯಾನೇಜರ್ ಎಡ್ವರ್ಡ್ ಅದನ್ನು ನೋಡಿ ಬೆನ್ನು ತಟ್ಟಿದರು. ಎಡ್ವರ್ಡ್ ಮಂಗಳೂರಿನವರು, ಮನುಷ್ಯ ಒಳ್ಳೆಯವರೇ, ಆದರೆ ಬಾಯಿ ಸ್ವಲ್ಪ ಖಾರ. ಅವರು ಹಾಗೆ ಬೆನ್ನು ತಟ್ಟಿದ್ದೇ ತಪ್ಪಾಯಿತು ಎಂದು ನನಗೆ ಈಗಲೂ ಅನಿಸುತ್ತದೆ. ಅಂದಿನಿಂದ ಡ್ರಾಯಿಂಗಿನಲ್ಲಿ ಏನಾದರೂ ಹೆಚ್ಚುಕಮ್ಮಿ ಕಂಡರೆ ಇವರು ಸದ್ದಿಲ್ಲದೆ ತಿದ್ದುವುದು, ಅದು ಸರಿಯೇ ಆಗಿರುವುದು ರೂಢಿಯಾಯಿತು.

2018ರ ಫೆಬ್ರವರಿಯಲ್ಲಿ ನಮ್ಮ ಮಗಳು ಅಶ್ಮಿತಾ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಗೆ ಓದುತ್ತಿದ್ದಳು. ಊದ್ ಮೇಥಾದ ನಮ್ಮ ಒಂದೇ ಕೋಣೆಯ ಸ್ಟುಡಿಯೋ ಫ್ಲ್ಯಾಟಿನಲ್ಲಿ ಟೀವಿ ಬಂದ್, ಮಾತು ಬಂದ್, ಕುಕ್ಕರಿನ ಸೀಟಿಯೂ ಬಂದ್. ಅದೇ ಸಮಯದಲ್ಲಿ ವರ್ಕ್‌ಶಾಪಿನಲ್ಲಿ ಜನ ಕಮ್ಮಿ ಮಾಡುತ್ತಾರೆಂದು ಸುದ್ದಿ ಹಬ್ಬಿತು. ನನ್ನದು ಮತ್ತು ಮಗಳದು, ಎರಡೂ ವೀಸಾ ಇವರ ವೀಸಾದ ಮೇಲೆ ನಿಂತದ್ದು. ನನಗೆ ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೆಲಸವಿದ್ದರೂ ಅದರಿಂದ ಕುಟುಂಬಕ್ಕೆ ವೀಸಾ ಸಿಗುವುದಿಲ್ಲ. ಇವರದು ಕ್ಯಾನ್ಸಲ್ ಆದರೆ ಒಂದು ತಿಂಗಳಲ್ಲಿ ಮೂವರೂ ಗಂಟುಮೂಟೆ ಕಟ್ಟಬೇಕು. ಪರೀಕ್ಷೆ ಎದುರಿಗಿರುವ ಹುಡುಗಿಯನ್ನು ಊರಿನ ಯಾವ ಶಾಲೆ ಸೇರಿಸಿಕೊಳ್ಳುತ್ತದೆ? ಅವಳ ಒಂದು ವರ್ಷ ನೀರಿನಲ್ಲಿ ಹೋಮ. ಪರೀಕ್ಷೆ ಮುಗಿಯುವವರೆಗೆ ಕೆಲಸ ಇದ್ದರೆ ಸಾಕು, ಆಮೇಲೆ ಏನಾದರೂ ಆಗಲಿ ಎಂದು ನಾನು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ. ಮ್ಯಾನೇಜರ್ ಹತ್ತಿರ ಒಂದು ಮಾತು ಕೇಳಿ ನೋಡಿ ಎಂದರೆ ಇವರು, "ಕೇಳಿದ್ರೆ ನಮ್ಮ ಹೆಸರು ಅವರಿಗೆ ನೆನಪಾಗ್ತದೆ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆಗ ಬಂದದ್ದು ನಾರ್ವೆಯ ಕೆಲಸ. ಅಲ್ಲಿನ ಒಂದು ಪ್ರವಾಸ ಕಂಪನಿಗೆ ದುಬೈಯ ಪ್ರದರ್ಶನದಲ್ಲಿ ಇಡಲು ಸೋಗ್ನೆ ಎಂಬ ಫ್ಯೋರ್ಡಿನ ಮಾಡೆಲ್ ಬೇಕಿತ್ತು. ಫ್ಯೋರ್ಡ್ ಎಂದರೆ ಬೆಟ್ಟಗಳ ನಡುವೆ ಒಳನಾಡಿಗೆ ನುಗ್ಗಿದ ಕಡಲಿನ ಕವಲು. ಇವರು ಫೋನಿನಲ್ಲಿ ಅದರ ಚಿತ್ರಗಳನ್ನು ತಂದು ತೋರಿಸಿದರು. ನಾನು ಕಾಪುವಿನವಳು, ಕಡಲು ಕಾಣದವಳಲ್ಲ. ಆದರೆ ಅಂಥ ಕಡಲನ್ನು ನಾನು ಕಂಡಿರಲಿಲ್ಲ. ಅಲೆಯಿಲ್ಲ, ಹೊಯಿಗೆಯಿಲ್ಲ, ದಡವೇ ಇಲ್ಲ. ಹಸಿರು ನೀರಿನಿಂದ ಕಪ್ಪು ಬಂಡೆ ನೇರ ಎದ್ದು ನಿಂತಿದೆ, ಅದರ ತಲೆಯ ಮೇಲೆ ಹಿಮ. ಬಂಡೆಯ ಅರ್ಧದಿಂದ ಜಲಪಾತ ಬಿಳಿ ನೂಲಿನ ಹಾಗೆ ಇಳಿಯುತ್ತದೆ, ಕೆಲವು ಕೆಳಗೆ ಮುಟ್ಟುವ ಮೊದಲೇ ಹೊಗೆಯಾಗಿ ಹೋಗುತ್ತವೆ. ಎಲ್ಲಿಯೋ ಒಂದು ಸಣ್ಣ ಅಂಚಿನ ಮೇಲೆ ಕೆಂಪು ಮನೆ, ನಾಲ್ಕು ಕುರಿ. ಕೆಳಗೆ ನೀರು ಎಷ್ಟು ಸ್ತಬ್ಧ ಎಂದರೆ ಆ ಮನೆ, ಕುರಿ, ಹಿಮ ಎಲ್ಲವೂ ಅದರೊಳಗೆ ತಲೆಕೆಳಗಾಗಿ ನಿಂತಿವೆ. ನೋಡುತ್ತಾ ನನಗೆ ಖುಷಿಯೂ ಆಯಿತು, ಯಾಕೋ ಸ್ವಲ್ಪ ಹೆದರಿಕೆಯೂ ಆಯಿತು. ನೀರಿಗೆ ಇಳಿಯಲು ಒಂದು ಮೆಟ್ಟಿಲಿನಷ್ಟೂ ಜಾಗ ಕೊಡದ ಕಡಲು ಅದು.

ಬೆಟ್ಟಗಳನ್ನು ವರ್ಕ್‌ಶಾಪಿನಲ್ಲಿ ಇವರ ಜೊತೆಗಾರನಾದ ಶಾಹುಲ್ ಹಮೀದ್ ಮೆಷಿನ್ನಿನಲ್ಲಿ ಕೊರೆದ. ಉಪಗ್ರಹದ ಲೆಕ್ಕ ಮೆಷಿನ್ನಿಗೆ ಕೊಟ್ಟರೆ ಅದು ಫೋಮಿನಲ್ಲಿ ಬೆಟ್ಟ ಕೊರೆಯುತ್ತದೆ. ಆದರೆ ಉಪಗ್ರಹಕ್ಕೆ ನೀರಿನ ಅಡಿ ಕಾಣುವುದಿಲ್ಲ. ಹಾಗಾಗಿ ಕಡಲಿನ ತಳವನ್ನು ಇವರೇ ಕೈಯಲ್ಲಿ ಕೆತ್ತಬೇಕಿತ್ತು. ಅದಕ್ಕೆ ಆಳದ ಅಂಕಿ ಬರೆದ ಒಂದು ನಕಾಶೆ ಕೊಟ್ಟಿದ್ದರು. ಫ್ಯೋರ್ಡನ್ನು ಉದ್ದಕ್ಕೆ ಸೀಳಿದಂತೆ ಮಾಡಿ, ಎದುರಿಗೆ ಪಾರದರ್ಶಕ ಅಕ್ರಿಲಿಕ್ ಹಾಳೆ ಹಾಕಿ, ನೀರಿನ ಜಾಗದಲ್ಲಿ ಆರಿದರೆ ಗಾಜಿನಂತಾಗುವ ರೆಸಿನ್ ದ್ರವ ಹೊಯ್ಯುವ ಯೋಜನೆ. ಜನ ಎದುರು ನಿಂತರೆ ಮೇಲೆ ಬೆಟ್ಟ, ಕೆಳಗೆ ಕಡಲಿನ ಹೊಟ್ಟೆ ಎರಡೂ ಕಾಣಬೇಕು.

ನಕಾಶೆ ನೋಡಿ ಇವರಿಗೆ ನಗು ಬಂತು. ಫ್ಯೋರ್ಡ್ ದೊಡ್ಡ ಕಡಲನ್ನು ಸೇರುವ ಬಾಯಿಯ ಹತ್ತಿರ ಆಳ ನೂರು ಇನ್ನೂರು ಮೀಟರ್. ಅಲ್ಲಿಂದ ಒಳನಾಡಿಗೆ ದೂರ ಹೋದ ಮೇಲೆ, ಬೆಟ್ಟಗಳ ನಡುವೆ, ಸಾವಿರದ ಮುನ್ನೂರು. ರಾತ್ರಿ ಊಟ ಮಾಡುವಾಗ ಇದನ್ನು ಹೇಳಿ, "ಯಾರೋ ಅಂಕಿ ಉಲ್ಟಾ ಹಾಕಿದ್ದಾರೆ" ಎಂದರು. ನಮ್ಮ ಕಡಲಿನಲ್ಲಿ ಇಳಿದರೆ ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಕುತ್ತಿಗೆ. ಹೊರಗೆ ಹೋದಷ್ಟೂ ಆಳ, ಒಳಗೆ ಬಂದಷ್ಟೂ ತೆಳು. ಅಳಿವೆಯ ಬಾಯಿಯಲ್ಲಿ ಮರಳಿನ ದಿಬ್ಬ ಕಟ್ಟುವುದುಂಟು, ಆದರೆ ಅದು ಮಳೆಗಾಲದಲ್ಲಿ ಬಂದು ಹೋಗುವ ಮರಳು. ಒಳನಾಡಿನ ಹೊಟ್ಟೆಯಲ್ಲಿ ನಡುಗಡಲನ್ನು ಮೀರಿದ ಆಳವೆಂದರೆ ಕೋಡಿಬೆಂಗ್ರೆಯ ಸಣ್ಣ ಮಗುವೂ ನಂಬುವುದಿಲ್ಲ. ನಾನೂ ಹೌದು ಎಂದೆ. ಇವರು ಎಂದಿನಂತೆ ಯಾರನ್ನೂ ಕೇಳಲಿಲ್ಲ. ಒಳಗೆ ತೆಳುವಾಗಿ, ಬಾಯಿಯ ಕಡೆ ಆಳವಾಗಿ, ನಮ್ಮ ಕಡಲಿನ ಹಾಗೆ ತಳ ಕೆತ್ತಿ ರೆಸಿನ್ನಿನ ಮೊದಲ ಪದರ ಹೊಯ್ದರು.

ಭಾನುವಾರ ಬೆಳಿಗ್ಗೆ ಒಪ್ಪಿಸಬೇಕಿತ್ತು. ಗುರುವಾರ ಮಧ್ಯಾಹ್ನ ನಾರ್ವೆಯ ಕಂಪನಿಯ ಮೇಡಂ ನೋಡಲು ಬಂದರು. ಬೆಟ್ಟಗಳನ್ನು ನೋಡಿ ಸಂತೋಷಪಟ್ಟರಂತೆ. ಬೇಕಾದ ಕಡೆಯೆಲ್ಲ ಇವರು ಇಳಿಬಿಟ್ಟ ಜಲಪಾತಗಳನ್ನು ನೋಡಿ ಸಣ್ಣಗೆ ನಕ್ಕರಂತೆ. ಆಮೇಲೆ ಬಗ್ಗಿ ಅಕ್ರಿಲಿಕ್ಕಿನ ಮೂಲಕ ತಳವನ್ನು ನೋಡಿದರು. ಎದ್ದು ನಿಂತು, ಇದು ಪೂರ್ತಿ ತಿರುಗುಮುರುಗಾಗಿದೆ, ಇದು ಫ್ಯೋರ್ಡೇ ಅಲ್ಲ ಎಂದರು. ನಕಾಶೆಯ ಅಂಕಿಯೇ ತಪ್ಪು ಎಂದು ಹೇಳಹೊರಟ ಇವರು ಎಡ್ವರ್ಡರ ಮುಖ ನೋಡಿ ಹಿಂದೆ ಸರಿದರು. ಮೇಡಂ ಹೋದ ಮೇಲೆ ಎಡ್ವರ್ಡ್ ಎಲ್ಲರೆದುರು ಹೇಳಿದ ಮಾತು ಇಷ್ಟು: "ಭಾನುವಾರ ಬೆಳಿಗ್ಗೆಗೆ ಇದು ಸರಿಯಾಗಿರ್ಬೇಕು. ಇಲ್ಲದಿದ್ರೆ ಸೋಮವಾರ ನಿಮ್ಮ ವೀಸಾ ಖಲಾಸ್."

ಇದಿಷ್ಟನ್ನೂ ಮನೆಗೆ ಬಂದು ಹೇಳಲಿಲ್ಲ ಪುಣ್ಯಾತ್ಮ. ಗಂಜಿ ಮುಂದಿಟ್ಟರೆ ಚಮಚ ಆಡಿಸುತ್ತಾ ಕೂತರು. ನನಗೆ ಹೇಳಿದ್ದು ಶಾಹುಲ್ ಹಮೀದ್. ಪುರಂದರಣ್ಣ ಮನೆಗೆ ಮುಟ್ಟಿದರಾ, ಮುಖ ಸರಿ ಇರಲಿಲ್ಲ ಎಂದು ಅವನು ಫೋನ್ ಮಾಡಿದಾಗ ಎಲ್ಲ ಹೊರಗೆ ಬಂತು. ಮಗಳು ಕೇಳಬಾರದೆಂದು ಇವರನ್ನು ಬಾಲ್ಕನಿಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿ, ಬಾಯಿಗೆ ಬಂದದ್ದೆಲ್ಲ ಬೈದೆ. ಒಂದು ಮಾತು, ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತಲ್ಲ ಎಂದೆ. ಇವರು ಕೆಳಗಿನ ಪಾರ್ಕಿಂಗನ್ನು ನೋಡುತ್ತಾ ನಿಂತಿದ್ದರು. ಕೊನೆಗೆ, "ಅಲ್ಲ ದೀಪ್ತಿ, ಕಡಲು ಹಾಗೆ ಇರ್ಲಿಕ್ಕೆ ಹೇಗೆ ಸಾಧ್ಯ?" ಎಂದರು. ವೀಸಾ ಹೋಗುವ ಹೊತ್ತಿನಲ್ಲಿಯೂ ಇವರಿಗೆ ಅದೇ ಚಿಂತೆ. ಆದರೆ ಆ ದನಿಯಲ್ಲಿ ಹಟವಿರಲಿಲ್ಲ. ನಿಜವಾಗಿಯೂ ಗೊತ್ತಾಗದವರ ದನಿ ಅದು. ಮದುವೆಯಾದ ಮೇಲೆ ನಾನು ಅದನ್ನು ಮೊದಲ ಬಾರಿ ಕೇಳಿದ್ದು.

ಅಲ್ಲಿಯೇ ನಿಂತು ಇಬ್ಬರೂ ಫೋನಿನಲ್ಲಿ ಓದಿದೆವು. ಓದುತ್ತಾ ಹೋದಂತೆ ನಮ್ಮ ಜಾಣತನವೆಲ್ಲ ಇಳಿಯಿತು. ಆ ಕಣಿವೆಯನ್ನು ಕಡಲು ಕೊರೆದದ್ದೇ ಅಲ್ಲ. ಲಕ್ಷಾಂತರ ವರ್ಷಗಳ ಹಿಂದೆ ಅಲ್ಲಿ ಹೊಳೆ ಹರಿಯುತ್ತಿದ್ದ ಸಣ್ಣ ಕಣಿವೆ ಇತ್ತು. ಆಮೇಲೆ ಚಳಿ ಬಂದು ಹಿಮ ಬಿದ್ದು ಬಿದ್ದು, ಬೆಟ್ಟದೆತ್ತರದ ಮಂಜುಗಡ್ಡೆಯಾಗಿ, ಆ ಗಡ್ಡೆ ತನ್ನ ಭಾರಕ್ಕೆ ಮೆಲ್ಲ ಮೆಲ್ಲನೆ ಕಡಲಿನ ಕಡೆ ಜಾರಿತು. ಹೊಟ್ಟೆಯಡಿಯಲ್ಲಿ ಕಲ್ಲು ಬಂಡೆ ಹಿಡಿದುಕೊಂಡು ನೆಲವನ್ನು ಉಜ್ಜುತ್ತಾ ಹೋಯಿತು. ಒಳನಾಡಿನಲ್ಲಿ ನಾಲ್ಕೂ ಕಡೆಯ ಗಡ್ಡೆಗಳು ಬಂದು ಸೇರಿ ಭಾರ ಹೆಚ್ಚಾದ ಕಡೆ ಅತಿ ಆಳ ಕೊರೆಯಿತು. ಕಡಲಿನ ಹತ್ತಿರ ಬಂದಾಗ ಗಡ್ಡೆ ಹರಡಿಕೊಂಡು ತೆಳುವಾಗಿ, ನೀರಿನಲ್ಲಿ ತೇಲತೊಡಗಿ, ಕೊರೆಯುವ ಶಕ್ತಿ ಕಳೆದುಕೊಂಡಿತು. ಹೊತ್ತು ತಂದ ಕಲ್ಲನ್ನು ಅಲ್ಲಿಯೇ ಇಳಿಸಿತು. ಕಾಲ ಬೆಚ್ಚಗಾಗಿ ಗಡ್ಡೆ ಕರಗಿ ಹಿಂದೆ ಸರಿದ ಮೇಲೆ ಕಡಲು ಒಳಗೆ ಬಂದು ತುಂಬಿತು. ಹಾಗಾಗಿ ಹೊಟ್ಟೆ ಆಳ, ಬಾಯಿ ಎತ್ತರ.

"ಮನೆ ಕಟ್ಟಿದ್ದು ಗಡ್ಡೆ. ಕಡಲು ಬರೀ ಬಾಡಿಗೆಗೆ ಬಂದದ್ದು" ಎಂದರು ಇವರು. ಬಾಯಿಯ ಆ ಎತ್ತರವನ್ನು ನಮ್ಮ ಮನೆಯ ಬಾಗಿಲಿನ ಹೊಸ್ತಿಲಿನ ಹಾಗೆ ಎಂದುಕೊಳ್ಳಬಹುದು ಎಂದೆ ನಾನು. ಒಳಗೆ ನೀರು ಚೆಲ್ಲಿದರೆ ಹೊಸ್ತಿಲು ದಾಟಿ ಹೊರಗೆ ಹೋಗುವುದಿಲ್ಲವಲ್ಲ. ಇವರು ಬೆರಳಿನಿಂದ ಬಾಲ್ಕನಿಯ ಧೂಳಿನಲ್ಲಿ ಒಂದು ಗೆರೆ ಎಳೆದರು. ಒಳಗೆ ಆಳಕ್ಕೆ ಇಳಿದು, ಕೊನೆಯಲ್ಲಿ ಏರಿ, ಆಚೆ ಮತ್ತೆ ಇಳಿಯುವ ಗೆರೆ. ಅದನ್ನೇ ನೋಡುತ್ತಾ ಕೂತರು. ಒಳಗೆ ಬಂದಾಗ ಅಶ್ಮಿತಾ ಪುಸ್ತಕದಿಂದ ತಲೆಯೆತ್ತಿ, "ಎವ್ರಿಥಿಂಗ್ ಓಕೆ?" ಎಂದು ಕೇಳಿದಳು. ಇಬ್ಬರೂ ಒಟ್ಟಿಗೆ ತಲೆಯಾಡಿಸಿದೆವು.

ಶುಕ್ರವಾರ ರಜೆ. ಮಗಳಿಗೆ ಅಡಿಗೆ ಮಾಡಿಟ್ಟು, ಬುತ್ತಿ ಕಟ್ಟಿಕೊಂಡು ನಾನೂ ಹೊರಟೆ. ಮನೆಯಲ್ಲಿ ಕೂತರೆ ಹುಚ್ಚು ಹಿಡಿಯುತ್ತಿತ್ತು. ವರ್ಕ್‌ಶಾಪಿನಲ್ಲಿ ಇವರು, ಶಾಹುಲ್ ಹಮೀದ್, ನಾನು ಮೂವರೇ. ಎದುರಿನ ಅಕ್ರಿಲಿಕ್ ಬಿಚ್ಚಿ, ಗಟ್ಟಿಯಾದ ರೆಸಿನ್ನನ್ನು ಇವರು ಉಳಿಯಿಂದ ಎಬ್ಬಿಸತೊಡಗಿದರು. ಒಂದೊಂದು ಏಟಿಗೂ ಮೇಲಿನ ಬೆಟ್ಟ ನಡುಗುತ್ತಿತ್ತು. ಸ್ಪಂಜಿನಿಂದ ಮಾಡಿದ ಪುಟ್ಟ ಮರಗಳು ಉದುರಿ ನನ್ನ ಮಡಿಲಿಗೆ ಬಿದ್ದವು. ಅವುಗಳನ್ನು ಆರಿಸಿ ಬಟ್ಟಲಿಗೆ ಹಾಕುವುದು ನನ್ನ ಕೆಲಸ. ರೆಸಿನ್ ಎದ್ದ ಮೇಲೆ ಒಳಭಾಗವನ್ನು ಕೊರೆಯಲು ಕೈ ಹಾಕಿದರು. ಕೊರೆಯುವುದು ಬೆಟ್ಟದ ಬುಡದಲ್ಲಿ. ಸ್ವಲ್ಪ ಹೆಚ್ಚಾದರೆ ಮೇಲಿನದು ಕುಸಿದು ಕೂರುತ್ತದೆ, ಆಮೇಲೆ ತಳವೂ ಇಲ್ಲ, ಬೆಟ್ಟವೂ ಇಲ್ಲ. ಶಾಹುಲ್ ಹಮೀದ್ ಮರದ ಪಟ್ಟಿಗಳನ್ನು ಊರುಗೋಲು ಕೊಟ್ಟು, ಎರಡೂ ಕೈಯಲ್ಲಿ ಬೆಟ್ಟವನ್ನು ಹಿಡಿದು ನಿಂತ. ಬೆಟ್ಟದ ಮೈಯಲ್ಲಿ ಒಂದು ಬಿರುಕು ಕೂದಲೆಳೆಯಷ್ಟು ಕಾಣಿಸಿತು. ಬಿರುಕು ಅಲ್ಲಿಯೇ ನಿಂತಿತು.

ಮತ್ತೆ ರೆಸಿನ್ ಹೊಯ್ಯುವ ಹಾಗಿರಲಿಲ್ಲ. ಅಷ್ಟು ಆಳಕ್ಕೆ ಒಮ್ಮೆಲೇ ಹೊಯ್ದರೆ ಕಾದು ಒಡೆಯುತ್ತದೆ, ಪದರ ಪದರವಾಗಿ ಹೊಯ್ದರೆ ವಾರ ಬೇಕು. ಇವರು ಹೇಳಿದ ಉಪಾಯ ಕೇಳಿ ಶಾಹುಲ್ ಹಮೀದ್ ತಲೆ ಮೇಲೆ ಕೈ ಹೊತ್ತ. ಬಾಯಿಯ ಕಡೆ ತಳವನ್ನು ಎತ್ತರಿಸಿ ಪ್ಲಾಸ್ಟರ್ ಬಳಿದು, ಅದು ಒಣಗಿದ ಮೇಲೆ ಮಲ್ಪೆಯ ದೋಣಿಗೆ ಮಾಡುವ ಹಾಗೆ ಫೈಬರ್ ಹೊದಿಸಿ, ನಿಜವಾದ ನೀರನ್ನೇ ತುಂಬುವುದು. ಸೋರಿದರೆ ಮಾಡೆಲ್ ಪೂರ್ತಿ ಹಾಳು, ಪ್ರದರ್ಶನದ ಹಾಲಿನಲ್ಲಿ ಸೋರಿದರೆ ಮಾನವೂ ಹಾಳು. "ಬೇರೆ ದಾರಿ ಉಂಟಾ?" ಎಂದರು ಇವರು. ಇರಲಿಲ್ಲ.

ಮಧ್ಯಾಹ್ನದ ಮೇಲೆ ಇವರ ಕೈ ನಿಂತಿತು. ನಕಾಶೆಯ ಮೇಲೆ ಬಗ್ಗಿದವರು ಏಳಲೇ ಇಲ್ಲ. ಹೋಗಿ ನೋಡಿದರೆ ಬೆರಳು ಒಂದು ಕವಲಿನ ಮೇಲಿತ್ತು. ದೊಡ್ಡ ಫ್ಯೋರ್ಡಿಗೆ ಪಕ್ಕದಿಂದ ಒಂದು ಸಣ್ಣ ಕವಲು ಬಂದು ಸೇರುವ ಜಾಗ. ದೊಡ್ಡದರ ಆಳ ಸಾವಿರದ ಹತ್ತಿರ, ಅದೇ ಜಾಗದಲ್ಲಿ ಸಣ್ಣದರ ಆಳ ನೂರರ ಆಸುಪಾಸು. ಎರಡು ಹೊಳೆ ಸೇರುವ ಕಡೆ ತಳ ಸಮನಾಗಿ ಸೇರಬೇಡವೇ? ಇಲ್ಲಿ ಸಣ್ಣದು ಗೋಡೆಯ ಮೇಲಿನ ಶೆಲ್ಫಿನ ಹಾಗೆ ಅರ್ಧದಲ್ಲಿ ನೇತಾಡುತ್ತಿತ್ತು. ಒಂದು ಸೊನ್ನೆ ಬಿಟ್ಟುಹೋಗಿರಬೇಕು ಎಂದು ಇವರು ಗೊಣಗಿದರು. ಉಳಿ ಕೈಗೆತ್ತಿಕೊಂಡರು.

ನನಗೆ ತಡೆಯಲಿಲ್ಲ. "ಈ ಸಲವೂ ನೀವೇ ತಿದ್ದುದಾ?" ಎಂದೆ.

ಉಳಿ ಅರ್ಧದಲ್ಲಿ ನಿಂತಿತು. ಮೇಡಂ ಕೊಟ್ಟ ಕಾರ್ಡು ಮೇಜಿನ ಮೇಲೆಯೇ ಬಿದ್ದಿತ್ತು. ಕ್ಲಯಂಟಿಗೆ ಯಾರೂ ಫೋನ್ ಮಾಡಕೂಡದು, ನಮಗೆ ಕೆಲಸ ಬರುವುದಿಲ್ಲ ಎಂದು ಅವರಿಗೆ ತೋರಿಸಿಕೊಡಬೇಡಿ ಎಂದು ಎಡ್ವರ್ಡ್ ಹೇಳಿಯೇ ಹೋಗಿದ್ದರು. ಕೇಳಿದರೆ ಎಡ್ವರ್ಡರ ಸಿಟ್ಟು, ಕೇಳದೆ ತಪ್ಪಿದರೆ ಸೋಮವಾರ. ಇವರು ಕಾರ್ಡನ್ನು ನೋಡುತ್ತಾರೆ, ಕವಲನ್ನು ನೋಡುತ್ತಾರೆ, ನನ್ನನ್ನು ನೋಡುತ್ತಾರೆ. ಹಣೆಯ ಮೇಲೆ ಪ್ಲಾಸ್ಟರಿನ ಧೂಳು ಬೆವರಿನಲ್ಲಿ ಕಲಸಿ ಇಳಿಯುತ್ತಿತ್ತು. ನಾನು ಫೋನನ್ನು ಕೈಗೆ ಕೊಟ್ಟು ಹಿಂದೆ ಸರಿದೆ. ನಾನೇ ಮಾಡಿಬಿಡುತ್ತಿದ್ದೆ, ನನ್ನ ಇಂಗ್ಲಿಷ್ ಇವರದಕ್ಕಿಂತ ವಾಸಿ. ಆದರೆ ಅದು ಇವರೇ ಕೇಳಬೇಕಾದ ಮಾತಾಗಿತ್ತು.

ರಿಂಗ್ ಆಗುತ್ತಿದ್ದಾಗ ಇವರು ಚಪ್ಪಲಿ ಬಿಟ್ಟು ನಿಂತದ್ದನ್ನು ನಾನು ನೋಡಿದೆ. ದೇವಸ್ಥಾನದ ಎದುರು ನಿಂತ ಹಾಗೆ. ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ, ತಾನು ಮಾಡೆಲ್ ಮಾಡುವವನು, ನಿನ್ನೆಯ ತಪ್ಪು ತನ್ನದೇ, ಅಂಕಿ ಸರಿಯಿತ್ತು, ತಾನು ತಿದ್ದಿದ್ದು, ಈಗ ಇನ್ನೊಂದು ಅಂಕಿ ಅರ್ಥವಾಗುತ್ತಿಲ್ಲ ಎಂದು ಹೇಳಿದರು. ಆಮೇಲೆ ಮೇಡಂ ಮಾತಾಡತೊಡಗಿದರು, ನಿಲ್ಲಿಸಲೇ ಇಲ್ಲ.

ಆ ಅಂಕಿ ಸರಿಯಾಗಿಯೇ ಇತ್ತು. ಪಕ್ಕದ ಕಣಿವೆಯ ಗಡ್ಡೆ ಸಣ್ಣದು, ಅದಕ್ಕೆ ಶಕ್ತಿ ಕಮ್ಮಿ, ಸ್ವಲ್ಪವೇ ಕೊರೆಯಿತು. ದೊಡ್ಡ ಗಡ್ಡೆ ಕೆಳಗೆ ಕೆಳಗೆ ಕೊರೆದುಕೊಂಡು ಹೋಗಿ ಸಣ್ಣದನ್ನು ಮೇಲೆಯೇ ನೇತಾಡಲು ಬಿಟ್ಟಿತು. ನೀರಿಗಿಂತ ಮೇಲೆ ಹಾಗೆ ನೇತಾಡುತ್ತಾ ಉಳಿದ ಕಣಿವೆಗಳಿಂದಲೇ ಅಲ್ಲಿನ ಜಲಪಾತಗಳು ಧುಮುಕುವುದು. ಅವರ ತಂದೆಯ ಮನೆ ಅಂಥದೇ ಒಂದು ಜಲಪಾತದ ಬುಡದಲ್ಲಂತೆ. ಚಿಕ್ಕವರಿದ್ದಾಗ ಮನೆಯ ಕಟ್ಟೆಯ ಮೇಲೆ ಕೂತು, ಹಗ್ಗಕ್ಕೆ ಕಲ್ಲು ಕಟ್ಟಿ ನೀರಿಗೆ ಬಿಡುತ್ತಿದ್ದರಂತೆ. ಮನೆಯಲ್ಲಿದ್ದ ಹಗ್ಗವೆಲ್ಲ ಮುಗಿದರೂ ಕಲ್ಲು ತಳ ಮುಟ್ಟುತ್ತಿರಲಿಲ್ಲವಂತೆ. ಇವರು ಫೋನ್ ಇಟ್ಟು ಚಪ್ಪಲಿ ಹಾಕಿಕೊಂಡರು. ಹೋಗಿ, ತಾವು ಚಂದಕ್ಕೆಂದು ಕಂಡಕಂಡಲ್ಲಿ ಇಳಿಬಿಟ್ಟಿದ್ದ ಜಲಪಾತಗಳನ್ನೆಲ್ಲ ಕಿತ್ತು, ನೇತಾಡುವ ಕಣಿವೆಗಳ ಬಾಯಿಗೆ ಒಂದೊಂದಾಗಿ ಅಂಟಿಸಿದರು.

ಶನಿವಾರ ನನ್ನ ಆಯುಷ್ಯದ ಅರ್ಧ ಕಳೆಯಿತು. ಪ್ಲಾಸ್ಟರ್ ಒಣಗಿದ ಮೇಲೆ ಫೈಬರ್ ಹೊದಿಸಿ, ಬಂಡೆಯ ಬಣ್ಣ ಬಳಿದರು. ಬಾಯಿಯ ಹೊಸ್ತಿಲಿನ ಮೇಲೆ, ಹಿಂದಿನ ವರ್ಷ ಹತ್ತಾ ಎಂಬ ಬೆಟ್ಟದೂರಿಗೆ ಪಿಕ್ನಿಕ್ಕಿಗೆ ಹೋದಾಗ ಅಶ್ಮಿತಾ ಆರಿಸಿ ತಂದಿದ್ದ ಕಲ್ಲಿನ ಚೂರುಗಳನ್ನು ಕೂರಿಸಿದರು. ಗಡ್ಡೆ ಇಳಿಸಿಹೋದ ಕಲ್ಲುಗಳು ಅವು. ಅಕ್ರಿಲಿಕ್ ಮುಚ್ಚಿ, ಅಂಚಿಗೆ ನೀರು ಸೋರದಂತೆ ಸಿಲಿಕೋನ್ ಅಂಟು ಎಳೆದು ಹೊತ್ತು ಇಳಿಯುವವರೆಗೆ ಕಾದೆವು. ಆಮೇಲೆ ಒಂದು ಹನಿ ಹಸಿರು ಬೆರೆಸಿದ ನೀರನ್ನು ಇವರು ಚೊಂಬಿನಲ್ಲಿ ಹೊಯ್ಯತೊಡಗಿದರು. ನೀರು ಒಳಗಿನ ಆಳದಿಂದ ಏರುತ್ತಾ ಬಂತು. ಅರ್ಧಕ್ಕೆ ಬಂದಾಗ ಅತಿ ಆಳದ ಮೂಲೆಯಲ್ಲಿ ಅಕ್ರಿಲಿಕ್ಕಿನ ಹೊರಗೆ ಒಂದು ಹನಿ ಮೂಡಿತು. ನಾನು ಬಟ್ಟೆಯಿಂದ ಒರೆಸಿದೆ. ಇನ್ನೊಂದು ಮೂಡಿತು. ಕೈಯಿಂದ ತಪ್ಪಿ ಚೆಲ್ಲಿದ್ದಿರಬಹುದು ಎಂದೆ. ಇವರು ಬೆರಳು ಇಟ್ಟು ನೋಡಿ ಇಲ್ಲ ಎಂದು ತಲೆಯಾಡಿಸಿದರು. ನನಗೆ ಅಲ್ಲಿಯೇ ಕುಸಿದು ಅಳಬೇಕೆನಿಸಿತು. ನೀರನ್ನೆಲ್ಲ ಪೈಪಿನಿಂದ ಹೊರಗೆ ಎಳೆದು, ಒರೆಸಿ, ಫ್ಯಾನು ಹಾಕಿ ಒಣಗಿಸಿ, ಆ ಮೂಲೆಯನ್ನು ಪೂರ್ತಿ ಕೆರೆದು ಮತ್ತೆ ಸಿಲಿಕೋನ್ ತುಂಬಿದರು. ಅದು ಗಟ್ಟಿಯಾಗಲು ಬೆಳಗಿನವರೆಗೆ ಬೇಕು. ಮತ್ತೆ ತುಂಬಿ ನೋಡಲು ಸಮಯವಿಲ್ಲ. ಪ್ರದರ್ಶನದ ಹಾಲ್‌ನಲ್ಲಿಯೇ, ಎಲ್ಲರೆದುರಿಗೇ ತುಂಬಬೇಕು.

ಭಾನುವಾರ ಕ್ಲಿನಿಕ್ಕಿಗೆ ರಜೆ ಹೇಳಿ ನಾನೂ ಪ್ರದರ್ಶನದ ಹಾಲ್‌ಗೆ ಹೋದೆ. ಎಡ್ವರ್ಡ್ ಸೂಟು ಹಾಕಿ ನಿಂತಿದ್ದರು, ನನ್ನನ್ನು ನೋಡಿ ತಲೆ ಬಗ್ಗಿಸಿದರು. ಮೇಡಂ ಬಂದರು. ಇವರು ಚೊಂಬು ಎತ್ತಿದರು. ನೀರು ಏರಿತು. ಅರ್ಧ ದಾಟಿತು. ನನ್ನ ಕಣ್ಣು ಆ ಮೂಲೆ ಬಿಟ್ಟು ಅತ್ತಿತ್ತ ಹೋಗಲಿಲ್ಲ. ನೀರು ಹೊಸ್ತಿಲನ್ನು ಮುಟ್ಟಿತು, ಕಲ್ಲಿನ ಚೂರುಗಳ ಮೇಲೆ ಹರಿದು ಆಚೆಯ ದೊಡ್ಡ ಕಡಲಿಗೆ ಇಳಿಯಿತು, ಎರಡೂ ಸೇರಿ ಬೆಟ್ಟದ ಬುಡದವರೆಗೆ ಬಂದು ನಿಂತಿತು. ಮೂಲೆ ಒಣಗಿಯೇ ಇತ್ತು. ಸ್ತಬ್ಧವಾದ ನೀರಿನಲ್ಲಿ ಬೆಟ್ಟ, ಹಿಮ, ಕೆಂಪು ಮನೆ ತಲೆಕೆಳಗಾಗಿ ಮೂಡಿದವು. ರೆಸಿನ್ ಆಗಿದ್ದರೆ ಇಷ್ಟು ಚಂದ ಬರುತ್ತಿರಲಿಲ್ಲ. ಮೇಡಂ ಮಂಡಿಯೂರಿ ಕೂತು, ಅಕ್ರಿಲಿಕ್ಕಿನ ಮೇಲೆ ಬೆರಳಿಟ್ಟು ತಳದ ಉದ್ದಕ್ಕೂ ಎಳೆದುಕೊಂಡು ಹೋಗಿ, ಹೊಸ್ತಿಲಿನ ಹತ್ತಿರ ನಿಲ್ಲಿಸಿದರು. ಇದೇ ನಮ್ಮೂರು ಎಂದರು. ದುಬೈಯಲ್ಲಿ ಎಷ್ಟೋ ಮಾಡೆಲ್ ಮಾಡಿಸಿದ್ದೇನೆ, ಫೋನ್ ಮಾಡಿ ಪ್ರಶ್ನೆ ಕೇಳಿದವರು ಇವರೊಬ್ಬರೇ ಎಂದು ಎಡ್ವರ್ಡರಿಗೆ ಹೇಳಿ ಹೋದರು.

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆದರೆ ಎಡ್ವರ್ಡರ ಮುಖ ಇಳಿದೇ ಇತ್ತು. ಇವರನ್ನು ಕಂಬದ ಮರೆಗೆ ಕರೆದರು, ನಾನೂ ಹಿಂದೆಯೇ ಹೋದೆ. ಕೆಲಸ ಒಳ್ಳೆಯದಾಯಿತು ಎಂದರು. ಆಮೇಲೆ ಟೈ ಸಡಿಲಿಸುತ್ತಾ ಹೇಳಿದರು. ಮಾಲೀಕರು ಮಾಡೆಲನ್ನೇ ಅಚ್ಚು ಹಾಕುವ ಹೊಸ ಪ್ರಿಂಟಿಂಗ್ ಮೆಷಿನ್ ತರಿಸುತ್ತಿದ್ದಾರೆ, ಕೈಕೆಲಸದ ವಿಭಾಗ ಮುಚ್ಚುತ್ತದೆ, ತಿಂಗಳ ಕೊನೆಗೆ ಇವರ ಹೆಸರೂ ಹೋಗುವುದರಲ್ಲಿದೆ. ಎರಡು ವಾರದಿಂದ ಹೇಳಬೇಕೆಂದಿದ್ದೆ, ಬಾಯಿ ಬರಲಿಲ್ಲ, ಗುರುವಾರದ್ದು ಸಿಟ್ಟಿನಲ್ಲಿ ಆಡಿದ ಮಾತು ಎಂದರು.

ಇವರು ಎಂದಿನ ಹಾಗೆ, "ಆಯ್ತು ಸರ್" ಎಂದು ತಲೆ ತಗ್ಗಿಸಿ ಹೊರಟರು. ಬಾಗಿಲಿನವರೆಗೆ ಹೋದರು. ನಾನು ಹಿಂದೆ ಹೋಗಲಿಲ್ಲ. ಅಲ್ಲಿ ಇವರು ನಿಂತರು. ತಿರುಗಿ ಬಂದರು.

"ಸರ್, ಒಂದು ಕೇಳುದುಂಟು. ಮಗಳದ್ದು ಹತ್ತನೇ ಪರೀಕ್ಷೆ. ಏಪ್ರಿಲ್ ಸುರುವಿಗೆ ಮುಗೀತದೆ. ಅಲ್ಲಿವರೆಗೆ ವೀಸಾ ಒಂದು ಇಡ್ಲಿಕ್ಕೆ ಆಗ್ತದಾ?"

ಎಡ್ವರ್ಡ್ ಇವರ ಮುಖವನ್ನೇ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ನಿಮಗೆ ಹತ್ತನೇ ಕ್ಲಾಸಿನ ಮಗಳುಂಟಾ? ನನಗೆ ಯಾರು ಹೇಳಿದ್ದು? ಏಪ್ರಿಲ್ ಯಾಕೆ, ಮೇ ತಿಂಗಳ ತನಕ ಇಡುವ. ಅದು ನನ್ನ ಕೈಯಲ್ಲೇ ಇರುದು. ಮೊದ್ಲೇ ಒಂದು ಮಾತು ಕೇಳ್ಬಾರ್ದಿತ್ತಾ ಮಾರಾಯ್ರೆ?"

ನಾನು ಸತ್ತ ರಾತ್ರಿಗಳೆಷ್ಟು, ಹರಕೆ ಹೊತ್ತ ದೇವರೆಷ್ಟು. ಎಲ್ಲವೂ ಇಷ್ಟಕ್ಕಾ? ಇಬ್ಬರ ಮೇಲೂ ಒಟ್ಟಿಗೆ ಕಿರುಚಬೇಕೆನಿಸಿತು. ಕಿರುಚಲಿಲ್ಲ, ಕಣ್ಣೀರು ಬಂತು. ಇವರು ಎಡ್ವರ್ಡರ ಕೈ ಹಿಡಿದುಕೊಂಡು ನಿಂತಿದ್ದರು.

ಮನೆಗೆ ಹೊರಟಾಗ ದಾರಿಯಲ್ಲಿ ಎಲ್ಲಿಯೋ ರಸ್ತೆ ಅಗೆದು ಬೇರೆ ಕಡೆ ತಿರುಗಿಸಿದ್ದರು. ಒಂದು ತಿರುವು ತಪ್ಪಿತು, ಇನ್ನೊಂದೂ ತಪ್ಪಿತು. ಒಂದೇ ಪೆಟ್ರೋಲ್ ಪಂಪನ್ನು ಎರಡನೆಯ ಬಾರಿ ಕಂಡಾಗ ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಇವರು ಕಾರನ್ನು ಬದಿಗೆ ನಿಲ್ಲಿಸಿ ಗಾಜು ಇಳಿಸಿದರು. ಪಂಪಿನವನನ್ನು ಕರೆದು, ಭಾಯ್, ಊದ್ ಮೇಥಾಕ್ಕೆ ಹೇಗೆ ಹೋಗುವುದು ಎಂದು ಕೇಳಿದರು. ಅವನು ನಮ್ಮ ಬೆನ್ನ ಹಿಂದೆ ಕೈ ತೋರಿಸಿದ. ತಿರುಗಿ ನೋಡಿದರೆ ನಮ್ಮ ಬಿಲ್ಡಿಂಗಿನ ನೀರಿನ ಟ್ಯಾಂಕಿ ಅಲ್ಲಿಂದಲೇ ಕಾಣುತ್ತಿತ್ತು.